ಮಗ್ಗದ ಖೋಲಿಗೊಂದು ಪರದೆ

ಟಿವಿ ಅಂಗಡಿಯವನು ಬೆಲೆ ಹೇಳುವ ಮೊದಲು ಕೇಳಿದ್ದು, ಟಿವಿ ಇಡುವ ಕೋಣೆಯಲ್ಲಿ ಬೆಳಕು ಎಷ್ಟಿದೆ ಎಂದು. ನಮ್ಮವರು ಎದೆಯುಬ್ಬಿಸಿ, ಬೇಕಾದಷ್ಟಿದೆ, ಹಗಲು ಹೊತ್ತಿನಲ್ಲಿ ಒಂದು ಬಲ್ಬೂ ಹಚ್ಚುವುದಿಲ್ಲ ಎಂದರು. ಅಂಗಡಿಯವನು ತಲೆ ಕೆರೆದುಕೊಂಡ. ಮನೆಯಲ್ಲಿ ಬೆಳಕು ಜಾಸ್ತಿಯಿರುವುದೂ ಒಂದು ಕೊರತೆ ಎಂದು ನನಗೆ ಗೊತ್ತಾದದ್ದು ಅವತ್ತು, ಜಮಖಂಡಿಯ ಆ ಅಂಗಡಿಯಲ್ಲಿ.

ಆ ಬೆಳಕು ನಾವು ಚೆಂದಕ್ಕೆಂದು ಮಾಡಿಸಿಕೊಂಡದ್ದಲ್ಲ. ನಮ್ಮದು ಬನಹಟ್ಟಿಯ ನೇಕಾರರ ಮನೆ. ಈಗ ಹಾಲ್ ಅನ್ನಿಸಿಕೊಳ್ಳುವ ಜಾಗದಲ್ಲಿ ಮೊದಲು ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಎಳೆ ಹರಿದರೆ ತಟ್ಟನೆ ಕಣ್ಣಿಗೆ ಬೀಳಬೇಕಲ್ಲ, ಅದಕ್ಕೇ ದಕ್ಷಿಣದ ಗೋಡೆಗೆ ಆಳೆತ್ತರದ ಮೂರು ಕಿಟಕಿ, ಮೇಲೆ ಗಾಜು ಕೂರಿಸಿದ ಬೆಳಕಿಂಡಿ. ಮಗ್ಗ ಮಾರಿದ ಮೇಲೆ ನೆಲಕ್ಕೆ ಟೈಲ್ಸ್ ಬಂತು, ಗೋಡೆಗೆ ಬಣ್ಣ ಬಂತು, ಒಂದು ಸೋಫಾ ಬಂತು. ಕಿಟಕಿಗಳು ಹಾಗೇ ಉಳಿದವು. ನಮ್ಮ ಅತ್ತೆಯ ಬಾಯಲ್ಲಿ ಅದು ಇವತ್ತಿಗೂ ಮಗ್ಗದ ಖೋಲಿಯೇ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಬಾಗಲಕೋಟೆ ಹೊಸದಾಗಿ ಜಿಲ್ಲೆಯಾಗಿತ್ತು, ಆ ನಾಲ್ಕೂ ಮಗ್ಗಗಳು ಓಡುತ್ತಿದ್ದವು. ನನ್ನ ತವರು ರನ್ನ ಬೆಳಗಲಿ. ಕಬ್ಬಿನ ಹೊಲದ ಜನ ನಾವು. ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ರೂಢಿ, ಗುಟ್ಟು ಹೇಳಿದರೂ ಪಕ್ಕದ ಹೊಲಕ್ಕೆ ಕೇಳುತ್ತದೆ. ಇಲ್ಲಿ ಬಂದು ನೋಡಿದರೆ ಯಾರ ಬಾಯಲ್ಲೂ ದನಿಯೇ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು ತುಟಿ ಆಡಿಸುತ್ತಾರೆ, ಆ ಕಡೆ ಮಗ್ಗದ ಹತ್ತಿರ ಮಾವ ತಲೆಯಾಡಿಸುತ್ತಾರೆ. ನಮ್ಮವರು ಅಡುಗೆಮನೆಯಲ್ಲಿ ಕೂತು ತುಟಿ ಆಡಿಸುತ್ತಾರೆ, ಅತ್ತೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಮೊದಲ ವಾರವಿಡೀ ಇವರೆಲ್ಲ ಸೇರಿ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡು ಬಚ್ಚಲಲ್ಲಿ ಕೂತು ಅತ್ತಿದ್ದೇನೆ. ಆಮೇಲೆ ತಿಳಿಯಿತು, ಮಗ್ಗದ ಸದ್ದಿನಲ್ಲಿ ಒದರಿದರೂ ಕೇಳುವುದಿಲ್ಲ, ಅದಕ್ಕೆ ಈ ಊರಿನ ಮಗ್ಗದವರು ಒದರುವುದನ್ನೇ ಬಿಟ್ಟು ತುಟಿ ಓದುವುದನ್ನು ಕಲಿತಿದ್ದಾರೆ. ಅತ್ತೆ ನನಗೂ ಕಲಿಸಿದರು. ಕಂಡಿಕಿಗೆ ನೂಲು ಸುತ್ತುತ್ತ ಎದುರಿಗೆ ಕೂರಿಸಿಕೊಂಡು, ಬಾಯಿ ಅಗಲಿಸಿ, ಉಪ್ಪು, ಹಿಟ್ಟು, ನೀರು, ನಿನ್ನ ಗಂಡ, ಎಂದು ಬಾಲವಾಡಿಯ ಪಾಠ. ಒಂದು ವರ್ಷದಲ್ಲಿ ನಾನೂ ಪಳಗಿದೆ. ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬರುವ ಮಾಸ್ತರಬಾಯಿ ನಾನು, ಸಂಜೆ ಮನೆಗೆ ಬಂದರೆ ಗಂಟಲಿಗೆ ರಜೆ.

ಹೆಣ್ಣು ನೋಡಲು ಬಂದಾಗಿನ ಒಂದು ಮಾತು ಇಲ್ಲಿ ಹೇಳಬೇಕು. ಅವತ್ತು ಮಾವ ನಮ್ಮ ಪಡಸಾಲೆಯಲ್ಲಿ ಕೂತು ನನ್ನ ಮುಖದಿಂದ ಕಣ್ಣು ತೆಗೆದಿರಲಿಲ್ಲ. ಅವರು ಹೋದ ಮೇಲೆ ನನ್ನ ಅವ್ವ ಸಿಟ್ಟಾಗಿದ್ದಳು. "ಏನ್ ಮಂದಿಯವಾ ಅವರು, ಹುಡುಗಿ ಬಾಯಿನ ನೋಡಾಕತ್ತಿದ್ರಲ್ಲ, ಹಲ್ಲು ಎಣಸಾಕ ಬಂದಿದ್ರೇನು?" ಎಂದು ಬೈದುಕೊಂಡಿದ್ದಳು. ಈ ಮಾತು ನಾನು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದುಂಟು. ಮಾವ ಮಾತ್ರ ಅಷ್ಟಾಗಿ ನಗುತ್ತಿರಲಿಲ್ಲ.

ಮಗ್ಗಗಳನ್ನು ಮಾರಿದ್ದು ನನ್ನ ಮಗಳು ನಡೆಯಲು ಕಲಿಯುತ್ತಿದ್ದ ಕಾಲದಲ್ಲಿ. ನಮ್ಮವರಿಗೆ ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸವಾಗಿತ್ತು, ಮಾವನ ಮೊಣಕಾಲು ಸೋತಿತ್ತು. ಮಗ್ಗ ಹೋದ ಮೇಲೆ ಮನೆಯಲ್ಲಿ ಬಿದ್ದ ಮೌನಕ್ಕೆ ಹೊಂದಿಕೊಳ್ಳಲು ನಮಗೆಲ್ಲ ಬಹಳ ದಿನ ಬೇಕಾಯಿತು. ಒಂದು ಮಧ್ಯಾಹ್ನ ಮಾವ ಗೋಡೆಗೆ ಮುಖ ಮಾಡಿ ಕೂತು ಮಂಚದ ನವಾರ ಬಿಗಿಯುತ್ತಿದ್ದರು. ನಾನು ಹಿಂದಿನಿಂದ ಚಹಾ ತಂದೆನೆಂದೆ. ಇನ್ನೊಮ್ಮೆ ಎಂದೆ. ಮತ್ತೊಮ್ಮೆ ಹೇಳುವಾಗ ಕೈ ತಗುಲಿ ಕಟ್ಟೆಯ ಮೇಲೆ ನೀರು ತುಂಬಿಟ್ಟಿದ್ದ ಹಿತ್ತಾಳೆಯ ಕೊಡ ಕೆಳಗೆ ಬಿತ್ತು. ಹಿತ್ತಲಲ್ಲಿದ್ದ ಅತ್ತೆ ಓಡಿ ಬಂದರು, ಮಲಗಿದ್ದ ಕೂಸು ಎದ್ದು ಕಿರುಚಿತು. ಮಾವ ತಮ್ಮ ಪಾಡಿಗೆ ನವಾರ ಎಳೆಯುತ್ತಲೇ ಇದ್ದರು.

ಅತ್ತೆ ಕೂಸನ್ನು ಎತ್ತಿಕೊಂಡು ಹೊರಗೆ ಹೋದ ಮೇಲೆ ನಾನು ಮುಂದೆ ಹೋಗಿ ನಿಂತೆ. ಅವರು ಒದ್ದೆಯಾದ ನೆಲ ನೋಡಿದರು, ಕೊಡ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಸುಳ್ಳು ಹೇಳಲಿಲ್ಲ. "ನೋಡವಾ, ನಿನಗ ತಿಳೀತು. ಯಾರ ಮುಂದೂ ಹೇಳಬ್ಯಾಡ" ಎಂದರು. ಯಾಕೆ ಎಂದು ಕೇಳಿದೆ. ಅವರ ಅಪ್ಪನಿಗೂ ಮಗ್ಗದ ಸದ್ದಿನಿಂದ ಹೀಗೇ ಆಗಿತ್ತಂತೆ. "ಕಿವುಡ ಅಂತ ಗೊತ್ತಾದ ಮ್ಯಾಲ ಮನಿ ಮಂದಿ ಮಾತ ಕಡಿಮಿ ಮಾಡಿದ್ರು. ಉಂಡೀ? ಮಲಗ್ತೀ? ಗುಳಿಗಿ ನುಂಗಿದೀ? ಅಷ್ಟ. ಬ್ಯಾರೆ ಏನೂ ಹೇಳತಿರಲಿಲ್ಲ. ನಾನೂ ಹೇಳತಿರಲಿಲ್ಲವಾ" ಎಂದರು. ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅಲ್ಲಿಂದ ಮುಂದೆ ನನಗೆ ಎಲ್ಲ ಕಾಣತೊಡಗಿತು. ಮಾವ ತಮ್ಮ ಕುರ್ಚಿಯನ್ನು ಯಾವಾಗಲೂ ಕಿಟಕಿಗೆ ಬೆನ್ನು ಮಾಡಿ ಯಾಕೆ ಹಾಕಿಕೊಳ್ಳುತ್ತಾರೆ ಎಂಬುದು ಗೊತ್ತಾಯಿತು. ಹಾಗೆ ಕೂತರೆ ಬೆಳಕು ಎದುರಿನವರ ಮುಖದ ಮೇಲೆ ಬೀಳುತ್ತದೆ. ಟಿವಿಯ ದನಿ ಪೂರ್ತಿ ಇಳಿಸಿ ನೋಡುತ್ತಿದ್ದರು. ಮೊಮ್ಮಗಳ ಅಭ್ಯಾಸಕ್ಕೆ ತೊಂದರೆಯಾಗಬಾರದೆಂದು ದನಿ ಇಳಿಸುತ್ತಾರೆ, ಎಂಥ ಒಳ್ಳೆಯ ಮುದುಕ ಎಂದು ಓಣಿಯೆಲ್ಲ ಹೊಗಳುತ್ತಿತ್ತು. ವಾರ್ತೆ ಓದುವವರ ಮೇಲೆ ಅವರಿಗೆ ಬಹಳ ಪ್ರೀತಿ, ನೇರ ಮುಖ ಕೊಟ್ಟು ಮಾತಾಡುತ್ತಾರೆ ಎಂದು. ಧಾರಾವಾಹಿಯವರನ್ನು ಕಂಡರೆ ಆಗದು. ಮಾತಿನ ನಡುವೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಇವರಿಗೆ ತಾಯಿ ತಂದೆ ಬುದ್ಧಿ ಕಲಿಸಿಲ್ಲವೇ ಎಂದು ಬೈಯುತ್ತಿದ್ದರು. ಅವರ ಮಾತಿಗೆ ಎಲ್ಲರೂ ನಗುತ್ತಿದ್ದರು.

ಆ ಖೋಲಿಯಲ್ಲಿ ಕೂತರೆ ಅವರಿಗೆ ತಪ್ಪುತ್ತಿದ್ದ ಮಾತು ಕಡಿಮೆ. ಮನೆಯ ಲೆಕ್ಕ, ಓಣಿಯ ಜಗಳ, ನನ್ನ ಸಾಲಿಯ ಹೆಡ್‌ಮಾಸ್ತರರ ಗೊಣಗಾಟ, ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ಮಗಳು ಬೆಳೆದು ಸಾಲಿ ಸೇರಿದ ಮೇಲಂತೂ ಮನೆಗೆ ಬಂದು ಚೀಲ ಎಸೆದು ಅಜ್ಜನ ಎದುರು ಕಾಲು ಮಡಚಿ ಕೂತಳೆಂದರೆ ಮುಗಿಯಿತು. ಯಾರು ಯಾರ ಜಡೆ ಎಳೆದರು ಎಂಬಲ್ಲಿಂದ ಶುರು. ಮಾವ ಅವಳ ಬಾಯಿ ನೋಡುತ್ತ, ನಡುನಡುವೆ ಸರಿಯಾದ ಕಡೆಯಲ್ಲಿ ಪ್ರಶ್ನೆ ಹಾಕುತ್ತ, ಆ ಗಂಟೆಗಾಗಿಯೇ ಇಡೀ ದಿನ ಕಾಯುತ್ತಿದ್ದರು. ಕಿವಿ ಕೇಳದ ಮನುಷ್ಯ ಇವರು ಎಂದು ನೋಡಿದವರು ಯಾರೂ ಹೇಳುವಂತಿರಲಿಲ್ಲ.

ಹೀಗಿರುವಾಗ ನಮ್ಮ ಹಳೆಯ ಡಬ್ಬಿ ಟಿವಿಯಲ್ಲಿ ಚಿತ್ರ ಕುಗ್ಗಿ ಕುಗ್ಗಿ ನಡುವೆ ಒಂದು ಬಿಳಿ ಗೆರೆಯಾಗಿ ನಿಂತಿತು. ರಿಪೇರಿಯವನು ಒಂದೆರಡು ಸಲ ಬದುಕಿಸಿಕೊಟ್ಟು, ಇನ್ನು ಇದರ ಆಸೆ ಬಿಡಿರಿ ಎಂದ. ಆಗ ಗೋಡೆಗೆ ತೂಗುಹಾಕುವ ಚಪ್ಪಟೆ ಟಿವಿಗಳು ನಮ್ಮ ಕಡೆಗೂ ಬರತೊಡಗಿದ್ದವು. ನಮ್ಮವರ ಆಫೀಸಿನಲ್ಲಿ ಒಬ್ಬರು ಪ್ಲಾಸ್ಮಾ ತಂದಿದ್ದರು. ಅದರಲ್ಲಿ ಕಪ್ಪು ಅಂದರೆ ಕಪ್ಪೇ, ಓಡುವ ಕ್ರಿಕೆಟ್ ಚೆಂಡು ಹಿಂದೆ ಮಸುಕು ಬಾಲ ಎಳೆದುಕೊಂಡು ಹೋಗುವುದಿಲ್ಲ ಎಂದು ಆ ಮನುಷ್ಯ ದಿನಾ ಊಟದ ಡಬ್ಬಿ ಬಿಚ್ಚುವಾಗ ಹೇಳಿ ಹೇಳಿ ನಮ್ಮವರ ತಲೆ ಕೆಡಿಸಿದ್ದರು. ನಮ್ಮವರು ಒಂದು ವಸ್ತು ಕೊಳ್ಳಬೇಕೆಂದರೆ ಲಗ್ನದ ಸಂಬಂಧ ನೋಡಿದಂತೆ. ನಾಲ್ಕು ಕಡೆ ವಿಚಾರಿಸಿ, ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಎಲ್ಲರ ಒಪ್ಪಿಗೆ ಪಡೆದು, ಕೊನೆಗೆ ತಾವು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನೇ ತರುತ್ತಾರೆ.

ಹಾಗಾಗಿ ಒಂದು ರವಿವಾರ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವು ನಾಲ್ವರೂ ಬಸ್ಸು ಹತ್ತಿ ಜಮಖಂಡಿಗೆ ಹೋದೆವು. ಅಂಗಡಿಯ ಒಳಕೋಣೆಗೆ ಕರಿ ಬಟ್ಟೆ ಕಟ್ಟಿ ಕತ್ತಲೆ ಮಾಡಿದ್ದರು. ಗೋಡೆಯ ಮೇಲೆ ಎರಡು ಟಿವಿ ಅಕ್ಕಪಕ್ಕ, ಎಡಕ್ಕೆ ಎಲ್‌ಸಿಡಿ, ಬಲಕ್ಕೆ ಪ್ಲಾಸ್ಮಾ, ಎರಡರಲ್ಲೂ ಒಂದೇ ಧಾರಾವಾಹಿ. ಕತ್ತಲಲ್ಲಿ ನೋಡಿದರೆ ಪ್ಲಾಸ್ಮಾ ಗೆದ್ದಂತೆಯೇ, ನಾನೂ ಒಪ್ಪುತ್ತೇನೆ. ಎಲ್‌ಸಿಡಿಯ ಕಪ್ಪು ಬೂದಿ ಬಳಿದಂತಿತ್ತು, ಪಕ್ಕಕ್ಕೆ ಸರಿದು ನಿಂತರೆ ಬಣ್ಣ ಸಪ್ಪಗಾಗುತ್ತಿತ್ತು. ಆದರೆ ಅಂಗಡಿಯವನು ಪ್ರಾಮಾಣಿಕ ಮನುಷ್ಯ. ಪ್ಲಾಸ್ಮಾದ ಮುಂದೆ ಗಾಜಿದೆ, ಬೆಳಕಿರುವ ಕೋಣೆಯಲ್ಲಿ ಅದರೊಳಗೆ ನಿಮ್ಮ ಕಿಟಕಿಯೇ ಕಾಣುತ್ತದೆ, ಅಂಥ ಕಡೆಗೆ ಎಲ್‌ಸಿಡಿಯೇ ಸರಿ ಎಂದು ಬಿಡಿಸಿ ಹೇಳಿದ. ಕಿಟಕಿಗೆ ಪರದೆ ಹಾಕಿಸಿದರಾಯಿತು ಎಂದರು ನಮ್ಮವರು.

ಅತ್ತೆ ಆ ಹೊತ್ತಿಗೆ ಎರಡೂ ಟಿವಿಯ ಮುಂದೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಿದ್ದರು. ಅವರ ಕಣ್ಣಿನ ವಿಷಯ ಬನಹಟ್ಟಿಯಲ್ಲಿ ಅರ್ಧ ಊರಿಗೆ ಗೊತ್ತು. ನಮ್ಮ ಮಗ್ಗ ಹೋದರೂ ಓಣಿಯ ನೇಕಾರರು ಬಣ್ಣ ಹಾಕಿಸಿದ ನೂಲಿನ ಲಡಿ ತಂದು, ಈ ದಡಿಗೆ ಈ ಕೆಂಪು ಕೂಡುತ್ತದೆಯೇ, ಹೋದ ಸಲದ್ದೇ ಕೆಂಪು ಇದೇನಾ ಎಂದು ಅವರಿಗೇ ತೋರಿಸುತ್ತಿದ್ದರು. ಅವರು ಲಡಿಯನ್ನು ಕಿಟಕಿಗೆ ಹಿಡಿದು, ಒಂದು ಸಲ ತಿರುಗಿಸಿ, ಹೌದು ಅಥವಾ ಅಲ್ಲ ಎಂದರೆ ಅದೇ ಕೊನೆ. ಧಾರಾವಾಹಿಯ ಹೆಣ್ಣುಮಗಳು ಉಟ್ಟ ಸೀರೆಯನ್ನು ಅವರು ಎಡಕ್ಕೆ ಬಲಕ್ಕೆ ಹೋಲಿಸಿ ನೋಡಿದರು. "ಕೆಂಪು ಅಂದ್ರ ಇದರಾಗ ಐತಿ ನೋಡು" ಎಂದು ಪ್ಲಾಸ್ಮಾ ತೋರಿಸಿದರು. ನಮ್ಮವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮಾವನನ್ನೂ ಕೇಳಿದರು. ಆ ಕರಿ ಬಟ್ಟೆಯ ಕೋಣೆಯಲ್ಲಿ ಮಾವ ಗೋಡೆಗೆ ಒರಗಿ ಸುಮ್ಮನೆ ನಗುತ್ತ ನಿಂತಿದ್ದರು. ಅಂಗಡಿಯವನು, ಕಾಕಾರ, ಚಹಾ ತರಿಸಲೇ ಎಂದಿದ್ದಕ್ಕೆ, ಹೌದು, ಬಣ್ಣ ಬಹಳ ಛಲೋ ಇದೆ ಎಂದರು. ಎಲ್ಲರೂ ನಕ್ಕರು, ಟಿವಿ ನೋಡಿ ಮುದುಕರು ಮೈಮರೆತಿದ್ದಾರೆ ಎಂದು.  ಪರದೆ ಹಾಕಿದರೆ ನಮ್ಮ ಮಗ್ಗದ ಖೋಲಿಯೂ ಇಂಥದೇ ಆಗುತ್ತದೆ, ಈ ಮನುಷ್ಯ ಅಲ್ಲಿಯೂ ಹೀಗೇ ಗೋಡೆಗೆ ಒರಗಿ ನಗುತ್ತ ಕೂರಬೇಕಾಗುತ್ತದೆ ಎಂದು ನನಗೆ ಅಲ್ಲೇ ಹೊಳೆಯಿತು.

ಹೇಳುವಂತಿಲ್ಲ. ಮಾತು ಕೊಟ್ಟಾಗಿದೆ. ಹಾಗೆಂದು ಸುಮ್ಮನಿರುವ ಪೈಕಿಯೂ ನಾನಲ್ಲ. ಬಸ್ಸಿನಲ್ಲಿ ವಾದ ಶುರು ಮಾಡಿದೆ. ಪ್ಲಾಸ್ಮಾ ಕರೆಂಟು ತಿನ್ನುತ್ತದೆ ಎಂದೆ. ಎಷ್ಟು ತಿಂದೀತು ಎಂದರು ನಮ್ಮವರು. ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ ಎಂದೆ. ಫ್ಯಾನ್ ಇದೆಯಲ್ಲ ಎಂದರು. ಭಾರ ಜಾಸ್ತಿ, ಗೋಡೆ ತಡೆಯುವುದಿಲ್ಲ ಎಂದೆ. ಆ ಗೋಡೆ ಮಗ್ಗ ತಡೆದಿದೆ ಎಂದರು. ಪರದೆ ಒಗೆಯುವವರು ಯಾರು ಎಂದೆ. ಅವರು ಕಿಟಕಿಯ ಹೊರಗೆ ನೋಡತೊಡಗಿದರು. ಮಾವ ಮುಂದಿನ ಸೀಟಿನಲ್ಲಿದ್ದರು, ನಮ್ಮ ಜಗಳ ಅವರ ಬೆನ್ನ ಹಿಂದೆ ನಡೆಯಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಟಿವಿಗಾಗಿ ಇಷ್ಟು ಹಟ ಮಾಡುವ ಸೊಸೆ ನಾನಲ್ಲ ಎಂದು ಅವರಿಗೆ ಗೊತ್ತಿತ್ತು.

ಅಂಗಡಿಯಲ್ಲಿ ಪ್ಲಾಸ್ಮಾ ಒಂದೇ ಇತ್ತು, ಹೊಸದು ಬರಲು ಸ್ವಲ್ಪ ದಿನ ಹಿಡಿಯುತ್ತದೆ ಎಂದಿದ್ದರು. ನಮ್ಮವರಿಗೆ ತಡೆಯುವಷ್ಟು ತಾಳ್ಮೆಯಿಲ್ಲ. ಟಿವಿಗಿಂತ ಮೊದಲು ಪರದೆ ತಂದರು. ದಪ್ಪನೆಯ ಕಂದು ಬಟ್ಟೆ, ಮೇಲಿನಿಂದ ನೆಲದವರೆಗೆ. ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಒಂದು ಪ್ಲೈವುಡ್ ತುಂಡನ್ನೂ ಹೇರಿ ಬಂದರು. ಮಗ್ಗದ ಖೋಲಿಯಲ್ಲಿ ಮೊದಲ ಬಾರಿಗೆ ಹಾಡಹಗಲು ಕತ್ತಲೆಯಾಯಿತು. ಹಳೆಯ ಟಿವಿ ಹಚ್ಚಿ ಪರೀಕ್ಷೆಯನ್ನೂ ಮಾಡಿದರು. ಕತ್ತಲಲ್ಲಿ ಆ ಬಿಳಿ ಗೆರೆ ಬಹಳ ಚೆನ್ನಾಗಿ ಕಂಡಿತು.

ಕನ್ನಡದಲ್ಲಿ ಟಿವಿಯ ಮುಖಕ್ಕೂ ಪರದೆ ಎನ್ನುತ್ತೇವೆ, ಕಿಟಕಿಗೆ ಇಳಿಬಿಡುವ ಬಟ್ಟೆಗೂ ಪರದೆ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಒಂದನ್ನು ತರುವ ಸಂಭ್ರಮಕ್ಕೆ ಇನ್ನೊಂದು ಬಂದು ಕೂತಿತ್ತು. ಎರಡನೆಯ ದಿನವೇ ಮಾವನ ಕುರ್ಚಿ ಖಾಲಿಯಾಯಿತು. ಬೆನ್ನ ಹಿಂದೆ ಬೆಳಕಿಲ್ಲದಿದ್ದರೆ ಅಲ್ಲಿ ಕೂತು ಏನು ಮಾಡುವುದು? ಅವರು ಹೊರಗಿನ ಕಟ್ಟೆಯ ಮೇಲೆ ಕೂರತೊಡಗಿದರು. ಊಟಕ್ಕೆ ಒಳಗೆ ಬಂದಾಗ ನಮ್ಮವರು ಒಂದು ಕೇಳಿದರೆ ಅವರು ಇನ್ನೊಂದು ಹೇಳುತ್ತಿದ್ದರು. ಪ್ಲಾಟಿನ ಕಾಗದಪತ್ರ ಎಲ್ಲಿಟ್ಟಿದ್ದೀರಿ ಎಂದರೆ, ಮಳೆ ಬಂದರೂ ಬರಬಹುದು ಎಂದರು. ನಮ್ಮವರು ಅಪ್ಪನಿಗೆ ಪ್ಲಾಸ್ಮಾ ಮೇಲೆ ಮನಸ್ಸಿಲ್ಲ, ಅದಕ್ಕೇ ಮುನಿಸು ಎಂದು ತಾವೂ ಮುಖ ಬಿಗಿದುಕೊಂಡರು.

ನನ್ನನ್ನು ಕಂಗೆಡಿಸಿದ್ದು ಮಗಳು. ಸಾಲಿಯಿಂದ ಬಂದು, ಕಟ್ಟೆಯ ಮೇಲಿದ್ದ ಅಜ್ಜನನ್ನು ಒಳಗೆ ಎಳೆದು ತಂದು, ಆ ಕತ್ತಲಲ್ಲೇ ಎದುರು ಕೂತು ಏನೋ ದೊಡ್ಡ ಕಥೆ ಹೇಳುತ್ತಿದ್ದಳು, ಗೆಳತಿ ಓಟದಲ್ಲಿ ಬಿದ್ದು ಕೈ ಮುರಿದುಕೊಂಡ ಕಥೆ. ಮಾವ ನಕ್ಕರು. ನಗಬೇಕಾದ ಜಾಗ ಅದಲ್ಲ. ಹುಡುಗಿ ಒಂದು ಕ್ಷಣ ಅವರ ಮುಖ ನೋಡಿ ಎದ್ದು ಅಡುಗೆಮನೆಗೆ ಬಂದಳು. "ಮುತ್ಯಾಗ ಈಗ ಏನ್ ಹೇಳಿದ್ರೂ ತಿಳ್ಯಾಂಗಿಲ್ಲವ್ವಾ" ಎಂದಳು. ಮಾರನೆಯ ದಿನ ಅವಳು ಚೀಲ ಇಟ್ಟು ನೇರ ಗೆಳತಿಯರ ಮನೆಗೆ ಹೋದಳು. ಹೋಗುವಾಗ ಅಜ್ಜನಿಗೆ ಕೇಳಿದ್ದು ಒಂದೇ ಮಾತು, ಚಹಾ ಕುಡಿದೆಯಾ ಎಂದು. ಮಾವ ಯಾವುದಕ್ಕೆ ಹೆದರಿ ನನ್ನಿಂದ ಮಾತು ತೆಗೆದುಕೊಂಡಿದ್ದರೋ ಅದೇ ಆಗುತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಇವತ್ತು ಗಂಡ ಮನೆಗೆ ಬಂದ ಕೂಡಲೇ ಹೇಳಿಬಿಡುತ್ತೇನೆ, ಮಾತು ಮುರಿದರೆ ಮುರಿಯಲಿ ಎಂದು ನಿಶ್ಚಯ ಮಾಡಿದೆ. ಅತ್ತೆ ಪಕ್ಕದಲ್ಲೇ ಕಾಳು ಆರಿಸುತ್ತಿದ್ದರು. ಮೊಮ್ಮಗಳ ಮಾತು ಅವರಿಗೂ ಕೇಳಿಸಿತ್ತು.

ನನಗೆ ಹೇಳುವ ಪ್ರಸಂಗವೇ ಬರಲಿಲ್ಲ. ನಮ್ಮವರು ಆಫೀಸಿನಿಂದ ಬಂದು ಒಳಗೆ ಕಾಲಿಟ್ಟಾಗ ಖೋಲಿಯ ತುಂಬ ಸಂಜೆಯ ಬೆಳಕಿತ್ತು. ಅತ್ತೆ ನಡುನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಸುತ್ತಲೂ ಕಂದು ಬಟ್ಟೆಯ ಚೌಕ ಚೌಕ ತುಂಡುಗಳು. ಪರದೆ ಮೂರನ್ನೂ ಇಳಿಸಿ, ಕತ್ತರಿಯಿಂದ ಕತ್ತರಿಸಿ, ಕೌದಿ ಹೊಲಿಯಲು ಜೋಡಿಸಿಕೊಂಡಿದ್ದರು. ಹೊಸ ಬಟ್ಟೆ. ನಮ್ಮ ಮನೆಯಲ್ಲಿ ಕೌದಿಗೆ ಹೊಸ ಬಟ್ಟೆ ಹಾಕಿದವರು ಅದಕ್ಕಿಂತ ಮೊದಲು ಯಾರೂ ಇಲ್ಲ. ನಮ್ಮವರು ಬಾಯಿ ತೆರೆದು ನಿಂತುಬಿಟ್ಟರು. "ಯಾಕ ಬೇ, ಏನ್ ಮಾಡಿದಿ ಇದು?" ಎಂದರು.

ಅತ್ತೆ ತಲೆ ಎತ್ತಲಿಲ್ಲ. "ನನಗ ಕಣ್ಣು ಕಾಣವಲ್ಲವು. ನಾಕ್ ದಿನ ಆತು, ಕತ್ತಲಾಗ ಸೂಜಿ ಕಾಣಂಗಿಲ್ಲ, ಮಂದಿ ಮಾರಿ ಕಾಣಂಗಿಲ್ಲ. ಬೆಳಕಿನಾಗ ಕಾಣೂ ಟಿವಿ ಐತೆಲ್ಲ, ಅದನ್ನ ತಗೊಂಡ ಬಾ" ಎಂದರು. ಹಾಗೆ ಹೇಳಿ, ದಾರ ಮತ್ತು ಸೂಜಿಯನ್ನು ಕಟ್ಟೆಯಿಂದ ಒಳಬಂದಿದ್ದ ಮಾವನ ಕೈಗೆ ಕೊಟ್ಟು, ಅವರ ಮುಖ ನೋಡಿ, ಪೋಣಿಸಿಕೊಡಿ ಎಂದರು. ಮಾವ ಕಿಟಕಿಗೆ ಬೆನ್ನು ಮಾಡಿ ತಮ್ಮ ಕುರ್ಚಿಯಲ್ಲಿ ಕೂತು ಸೂಜಿ ಪೋಣಿಸಿದರು. ನಮ್ಮವರ ಸಿಟ್ಟು ಅಷ್ಟರಲ್ಲೇ ಗಾಬರಿಯಾಗಿತ್ತು. ಮರುದಿನವೇ ಅಂಗಡಿಗೆ ಫೋನು ಮಾಡಿ ಪ್ಲಾಸ್ಮಾ ಬೇಡವೆಂದರು, ಎಲ್‌ಸಿಡಿ ಬಂತು. ಬೆಳಕಿಂಡಿಯ ಮೇಲಿನ ಪ್ಲೈವುಡ್ಡೂ ಇಳಿಯಿತು.

ನನಗೆ ಆದ ಸಂತೋಷ ಹೇಳತೀರದು. ಕಿಟಕಿ ಮೂರೂ ತೆರೆದಿದ್ದರೂ ಆ ಟಿವಿಯಲ್ಲಿ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು, ಅಂಗಡಿಯವನ ಮಾತು ನಿಜವಾಯಿತು. ಮಾವ ಕೂತ ಮೂಲೆಯಿಂದ ಮಾತ್ರ ಬಣ್ಣ ಸಪ್ಪೆ. ಅವರಿಗೆ ಬಣ್ಣ ಯಾಕೆ ಬೇಕು, ವಾರ್ತೆ ಓದುವವರ ತುಟಿ ಕಂಡರೆ ಸಾಕು. ಮಗಳು ಮತ್ತೆ ಅಜ್ಜನ ಎದುರು ಕಾಲು ಮಡಚಿ ಕೂರತೊಡಗಿದಳು. ಕೈ ಮುರಿದ ಗೆಳತಿಯ ಕಥೆಯನ್ನು ಅವಳು ಇನ್ನೊಮ್ಮೆ ಹೇಳಿದಳು, ಮಾವ ಈ ಸಲ ನಗಬಾರದ ಕಡೆ ನಗಲಿಲ್ಲ.

ಆದರೆ ಅತ್ತೆಯ ಕಣ್ಣು? ನಾನೂ ಮೊದಲು ನಂಬಿದ್ದೆ. ನಮ್ಮವರು ಅವರನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಮೋತಿಬಿಂದು ಇಲ್ಲ, ಏನೂ ಇಲ್ಲ, ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಎಂದರಂತೆ ಡಾಕ್ಟರರು. ಅತ್ತೆ ಒಪ್ಪಲಿಲ್ಲ. ಕಾಣದೆ ಇರುವುದು ನನಗೋ ಅವರಿಗೋ ಎಂದು ಕೇಳಿದರು. ಡಾಕ್ಟರರು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟು ಕಳಿಸಿದರು. ಅಲ್ಲಿಂದ ಮನೆಯಲ್ಲಿ ಅತ್ತೆಗೆ ಕಣ್ಣು ಮಂದ ಎಂಬುದು ಖಾಯಂ ಆಯಿತು. ಅಕ್ಕಿಯ ಕಲ್ಲು ಆರಿಸುವ ಕೆಲಸ ನನಗೆ ಬಂತು. ಸೂಜಿ ಪೋಣಿಸುವ ಕೆಲಸ ಮಾವನಿಗೆ ಬಂತು.

ಒಂದು ದಿನ ಓಣಿಯ ನೇಕಾರನೊಬ್ಬ ಹೊಸ ಬಣ್ಣದ ಲಡಿಗಳನ್ನು ತೋಳಿಗೆ ಹಾಕಿಕೊಂಡು ಬಂದ. ನಮ್ಮವರು ಬಾಗಿಲಲ್ಲೇ ತಡೆದರು, ಒಳ್ಳೆಯ ಮನಸ್ಸಿನಿಂದಲೇ. ಅವ್ವನಿಗೆ ಈಗ ಕಣ್ಣು ಸರಿಯಿಲ್ಲ, ಸುಮ್ಮನೆ ತೊಂದರೆ ಬೇಡ, ಬೇರೆ ಯಾರಿಗಾದರೂ ತೋರಿಸಿರಿ ಎಂದರು. ಆತ ಅಯ್ಯೋ ಪಾಪ ಎಂದು ಹೊರಟುಹೋದ. ಒಳಗೆ ಕೌದಿ ಹೊಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ಎದ್ದು ಬಂದು ಬಾಗಿಲಲ್ಲಿ ನಿಂತು, ಆತ ಹೋಗುವ ಕಡೆ, ಆ ಲಡಿಗಳ ಕಡೆ ನೋಡಿದರು. ಮತ್ತೆ ಬಂದು ಕೂತು ಹೊಲಿಗೆ ಮುಂದುವರಿಸಿದರು. ಆಮೇಲೆ ಯಾರೂ ನೂಲು ತೋರಿಸಲು ಬರಲಿಲ್ಲ. ಸುದ್ದಿ ಹಬ್ಬಲು ನಮ್ಮ ಓಣಿಗೆ ಅಷ್ಟೇ ಸಾಕು.

ಕೆಲವು ದಿನ ಕಳೆದು ಒಂದು ರಜೆಯ ಮಧ್ಯಾಹ್ನ. ನಮ್ಮವರು ಒಳಗೆ ಉಣ್ಣುತ್ತಿದ್ದರು. ಮಾವ ತಮ್ಮ ಕುರ್ಚಿಯಲ್ಲಿ ಕೂತು ದನಿಯಿಲ್ಲದ ಟಿವಿ ನೋಡುತ್ತಿದ್ದರು. ನಾನು ಖೋಲಿಗೆ ಬಂದಾಗ ಅತ್ತೆ ಸೂಜಿಯನ್ನು ಎತ್ತಿ ಹಿಡಿದು, ದಾರದ ತುದಿ ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿಬಿಟ್ಟರು. ತಲೆ ಎತ್ತಿದರೆ ನಾನು.  ಆಮೇಲೆ ಅತ್ತೆ ಮಗನಿಗೆ ಕೇಳಬಾರದೆಂದು ದನಿಯಿಲ್ಲದೆ, ಮಗ್ಗದ ಕಾಲದಂತೆ ತುಟಿಯಲ್ಲಿ ಹೇಳಿದರು. "ಅವರಿಗ ಕೇಳಂಗಿಲ್ಲ. ನನಗ ಕಾಣಂಗಿಲ್ಲ. ನಡೀತೈತಿ ಬಿಡು. ಯಾರ ಮುಂದೂ ಹೇಳಬ್ಯಾಡ."

ಮಾವನ ಕಿವಿಯ ವಿಷಯ ಅತ್ತೆಗೂ ಗೊತ್ತಿತ್ತು. ಎಂದಿನಿಂದ ಎಂದು ನಾನು ಕೇಳಲಿಲ್ಲ. ನೆನಪು ಮಾಡಿಕೊಂಡರೆ, ಆ ಹೆಂಗಸು ಗಂಡನ ಎದುರಿಗೆ ಬಂದು ನಿಲ್ಲದೆ ಒಂದು ಮಾತೂ ಆಡಿದ್ದನ್ನು ನಾನು ಕಂಡಿಲ್ಲ. ಟಿವಿಯಲ್ಲಿ ಯಾರೋ ಕೆಂಪು ಸೀರೆ ಉಟ್ಟು ನಿಂತಿದ್ದರು. ಅತ್ತೆ ಅದನ್ನು ಗದ್ದದಿಂದ ತೋರಿಸಿ, "ಅದೇನ್ ಕೆಂಪಲ್ಲ" ಎಂದು ತುಟಿಯಲ್ಲೇ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಒಳಗೆ ಹೋಗಲೆಂದು ತಿರುಗಿದೆ. ತಿರುಗಿದಾಗ ನೋಡಿದೆ. ಮಾವ ಟಿವಿ ನೋಡುತ್ತಿರಲಿಲ್ಲ. ಅತ್ತೆಯ ಬಾಯಿ ನೋಡುತ್ತಿದ್ದರು.

  ಮುಂದಿನ ರವಿವಾರ ಬೆಳಿಗ್ಗೆ ಮಾವ ಓಣಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಬರುವಾಗ ಹಿಂದೆ ಲಡಿಗಳನ್ನು ತೋಳಿಗೆ ಹಾಕಿಕೊಂಡ ಅದೇ ನೇಕಾರನಿದ್ದ. ಹಾಲ್‌ನಲ್ಲಿ ನಾವೆಲ್ಲ ಇದ್ದೆವು. ನಮ್ಮವರು ಪೇಪರು ಬದಿಗಿಟ್ಟು, ಅವ್ವನಿಗೆ ಕಣ್ಣು ಸರಿಯಿಲ್ಲ ಎಂದು ಹೇಳಿದ್ದೆನಲ್ಲ ಎಂದು ಶುರು ಮಾಡಿದರು. ಮಾವ ಕೈ ಅಡ್ಡ ಹಿಡಿದರು.

"ಆಕಿ ಕಣ್ಣು ಛಲೋ ಅದಾವು" ಎಂದರು. "ನನಗ ಕಿವಿ ಕೇಳಂಗಿಲ್ಲ. ಮಗ್ಗ ಇದ್ದಾಗಿಂದನ ಕೇಳಂಗಿಲ್ಲ."

 ಮಗಳು ಅಜ್ಜನನ್ನು ನೋಡಿದಳು, ನನ್ನನ್ನು ನೋಡಿದಳು. ನಮ್ಮವರ ಮುಖ ಬಿಳಿಚಿಕೊಂಡಿತು. ಎದ್ದು ಅಪ್ಪನ ಹತ್ತಿರ ಓಡಿ, ಕಿವಿಯ ಬಳಿ ಬಾಯಿ ತಂದು, ಇಡೀ ಓಣಿಗೆ ಕೇಳುವ ಹಾಗೆ ಅಪ್ಪಾ ಎಂದು ಕೂಗಿದರು. ಮಾವ ಮಗನ ಎರಡೂ ಭುಜ ಹಿಡಿದು, ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ತಿರುಗಿಸಿ ಎದುರಿಗೆ ನಿಲ್ಲಿಸಿಕೊಂಡರು. "ಒದರಬ್ಯಾಡ. ಹಿಂಗ ಮಾರಿ ತೋರಿಸಿ ಮಾತಾಡು. ಎಲ್ಲಾ ಮಾತಾಡು" ಎಂದರು.

 ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಯಾರ ಕಡೆಯೂ ನೋಡದೆ ನೇಕಾರನ ತೋಳಿನಿಂದ ಲಡಿಗಳನ್ನು ಇಳಿಸಿಕೊಂಡರು. ಒಂದನ್ನು ಕಿಟಕಿಗೆ ಹಿಡಿದು ತಿರುಗಿಸಿ, ಇದಲ್ಲ ಎಂದರು. ಇನ್ನೊಂದನ್ನು ಹಿಡಿದು, ಇದೂ ಅಲ್ಲ ಎಂದರು. ಮತ್ತೊಂದನ್ನು ತಿರುಗಿಸಿ ತಿರುಗಿಸಿ ನೋಡಿ, ಗಂಡನ ಕಡೆ ಪೂರ್ತಿ ಮುಖ ಮಾಡಿ, "ಇದು ನೋಡ್ರಿ ಕೆಂಪು" ಎಂದರು.